ಸ್ಪರ್ಧೆಗಳಿಗಿಂತ ಮೊದಲು ಕಾಲೇಜಿನ ನಿಯಮಗಳು ಬದಲಾಗಲಿ

ಮಾನ್ಯ ಸಂಪಾದಕರಿಗೆ,

ವಂದನೆಗಳು. ವಿದ್ಯಾರ್ಥಿಗಳಲ್ಲಿ ಉದ್ಯಮಶೀಲತೆಯನ್ನು ಬೆಳೆಸಬೇಕೆಂಬ ಮಾತು ಇಂದು ಕಾಲೇಜಿನ ಯಾವ ವೇದಿಕೆಯ ಮೇಲೂ ತಪ್ಪದೆ ಕೇಳಿಬರುತ್ತದೆ. ಉದ್ಯಮಶೀಲತಾ ಘಟಕದ ಉದ್ಘಾಟನೆಯಾಗುತ್ತದೆ, ಹ್ಯಾಕಥಾನ್ (ಒಂದೆರಡು ದಿನ ಬಿಡದೆ ಕುಳಿತು ತಂತ್ರಾಂಶ ರೂಪಿಸುವ ಸ್ಪರ್ಧೆ) ನಡೆಯುತ್ತದೆ, ಹೊಸ ಆಲೋಚನೆಗಳ ಸ್ಪರ್ಧೆಯಲ್ಲಿ ಗೆದ್ದ ತಂಡದ ಕೈಗೆ ಆಳೆತ್ತರದ ರಟ್ಟಿನ ಚೆಕ್ಕು ಕೊಟ್ಟು ಫೋಟೊ ತೆಗೆಸಲಾಗುತ್ತದೆ, ಮರುದಿನ ಅದು ಪತ್ರಿಕೆಗಳಲ್ಲಿಯೂ ಬರುತ್ತದೆ. ಇವುಗಳಲ್ಲಿ ಯಾವುದನ್ನೂ ನಾನು ಬೇಡವೆನ್ನುವುದಿಲ್ಲ. ಆದರೆ ಅಂತಿಮ ವರ್ಷದ ಪ್ರಾಜೆಕ್ಟುಗಳಿಗೆ ಬಹುಕಾಲ ಮಾರ್ಗದರ್ಶನ ಮಾಡಿ, ಇಂಥ ಸ್ಪರ್ಧೆಗಳ ತೀರ್ಪುಗಾರರ ಸಾಲಿನಲ್ಲಿಯೂ ಕುಳಿತಿರುವ ಅಧ್ಯಾಪಕನಾಗಿ ನನಗೆ ಮನದಟ್ಟಾಗಿರುವುದೇನೆಂದರೆ, ವರ್ಷಕ್ಕೊಂದೆರಡು ದಿನ ಉದ್ಯಮಶೀಲತೆಯನ್ನು ಕೊಂಡಾಡುವ ಕಾಲೇಜು ಉಳಿದೆಲ್ಲ ದಿನಗಳಲ್ಲಿ ತನ್ನದೇ ನಿಯಮಗಳಿಂದ ಅದರ ಕೈಕಾಲು ಕಟ್ಟಿಹಾಕುತ್ತದೆ. ಹಾಜರಾತಿಯ ನಿಯಮ, ವಿದ್ಯಾರ್ಥಿಯ ಕೆಲಸದ ಒಡೆತನದ ನಿಯಮ, ಖರೀದಿಯ ನಿಯಮ ಇವು ಈಗಿರುವಂತೆಯೇ ಇರುವಷ್ಟು ಕಾಲ ಎಷ್ಟೇ ಸ್ಪರ್ಧೆ ನಡೆಸಿದರೂ ಸ್ಪರ್ಧೆ ಗೆಲ್ಲುವುದರಲ್ಲಿ ನುರಿತವರು ತಯಾರಾಗುತ್ತಾರೆಯೇ ಹೊರತು ಉದ್ದಿಮೆ ನಡೆಸಬಲ್ಲವರಲ್ಲ.

ಸಮಯದ ಮಾತನ್ನೇ ಮೊದಲು ನೋಡೋಣ. ಕಾಲೇಜನ್ನು ಪ್ರತಿನಿಧಿಸಿ ಕ್ರೀಡಾಕೂಟಕ್ಕೆ ಹೋದ ವಿದ್ಯಾರ್ಥಿಗೆ ಆ ದಿನಗಳ ಹಾಜರಾತಿ ಸಿಗುತ್ತದೆ. ದೈಹಿಕ ಶಿಕ್ಷಣ ನಿರ್ದೇಶಕರ ಸಹಿಯಿರುವ ಒಂದು ಚೀಟಿ ತಂದರೆ ಸಾಕು, ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಅದೇ ತರಗತಿಯ ಇನ್ನೊಬ್ಬ ವಿದ್ಯಾರ್ಥಿನಿ ತಾನು ತಯಾರಿಸಿದ ಉಪಕರಣವನ್ನು ಮೊದಲ ಗ್ರಾಹಕರಿಗೆ ತೋರಿಸಲು ಹೋದರೆ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತದೆ. ಗ್ರಾಹಕರು ತರಗತಿಯ ವೇಳಾಪಟ್ಟಿ ನೋಡಿಕೊಂಡು ಭೇಟಿಗೆ ಕರೆಯುವುದಿಲ್ಲ. ಬ್ಯಾಂಕು, ನೋಂದಣಿ ಕಚೇರಿ, ಬಿಡಿಭಾಗ ಪೂರೈಸುವವರು ಎಲ್ಲರೂ ಕೆಲಸ ಮಾಡುವುದು ಪಾಠ ನಡೆಯುವ ಹೊತ್ತಿನಲ್ಲಿಯೇ. ಪರಿಣಾಮವಾಗಿ, ನಿಜವಾಗಿ ಏನನ್ನಾದರೂ ಮಾರಲು ಹೊರಟ ವಿದ್ಯಾರ್ಥಿಯು ಸೆಮಿಸ್ಟರಿನ ಕೊನೆಯಲ್ಲಿ ಹಾಜರಾತಿ ಕೊರತೆಯವರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾನೆ, ಮಾರುವ ಗೋಜಿಗೇ ಹೋಗದೆ ಸ್ಲೈಡುಗಳನ್ನಷ್ಟೇ ಚೆನ್ನಾಗಿ ಮಾಡಿದವನು ಬಹುಮಾನಿತರ ಪಟ್ಟಿಯಲ್ಲಿರುತ್ತಾನೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಫ್ರಾನ್ಸ್ ದೇಶವು 2014ರಿಂದ ‘ವಿದ್ಯಾರ್ಥಿ ಉದ್ಯಮಿ’ ಎಂಬ ರಾಷ್ಟ್ರಮಟ್ಟದ ಮಾನ್ಯತೆಯನ್ನು ಜಾರಿಗೆ ತಂದಿದ್ದು, ಅದನ್ನು ಪಡೆದವರಿಗೆ ಕಡ್ಡಾಯ ತರಬೇತಿಯ ಬದಲು ತಮ್ಮದೇ ಉದ್ದಿಮೆಯ ಕೆಲಸವನ್ನು ತೋರಿಸಲು ಅವಕಾಶವಿದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯವು 1957ರಲ್ಲಿ ಆರಂಭವಾದಂದಿನಿಂದ ಒಂದು ಅವಧಿ ಓದು, ಒಂದು ಅವಧಿ ಕೆಲಸ ಎಂಬ ಕ್ರಮವನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಕೆಲಸದ ಅವಧಿಯನ್ನು ಬೇರೆ ಕಂಪನಿಯಲ್ಲಿ ಕಳೆಯುವ ಬದಲು ಸ್ವಂತ ಉದ್ದಿಮೆಯಲ್ಲಿ ಕಳೆಯುವುದಕ್ಕೂ ದಾರಿಯಿದೆ. ಭಾರತದ 2019ರ ರಾಷ್ಟ್ರೀಯ ನಾವೀನ್ಯತೆ ಮತ್ತು ನವೋದ್ಯಮ ನೀತಿಯೂ ಪ್ರಾಜೆಕ್ಟಿಗೆ ಬದಲಾಗಿ ನವೋದ್ಯಮದ ಕೆಲಸವನ್ನು ಪರಿಗಣಿಸುವುದು, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ಪಡೆದು ಮತ್ತೆ ಓದಿಗೆ ಮರಳುವುದು, ಹಾಜರಾತಿ ಕಡಿಮೆಯಿದ್ದರೂ ಅನುಮತಿಯ ಮೇರೆಗೆ ಪರೀಕ್ಷೆಗೆ ಕೂರುವುದು ಇವೆಲ್ಲಕ್ಕೂ ಅವಕಾಶ ಕೊಡುವಂತೆ ಸಂಸ್ಥೆಗಳಿಗೆ ಹೇಳುತ್ತದೆ. ಅಂದರೆ ಕಾಗದದ ಮೇಲೆ ಎಲ್ಲವೂ ಇದೆ. ಆ ಕಾಗದದಿಂದ ಕಾಲೇಜಿನ ಕೈಪಿಡಿಗೆ, ಕೈಪಿಡಿಯಿಂದ ವಿಭಾಗದ ಮುಖ್ಯಸ್ಥರ ಮೇಜಿಗೆ ಅದು ಇಳಿದು ಬರಬೇಕಾಗಿದೆ.

ಬಿಡುವಿನ ಈ ನಿಯಮದ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಕಾಲೇಜು ಬಿಟ್ಟು ಕೋಟ್ಯಧೀಶರಾದವರ ಕಥೆಗಳನ್ನು ಭಾಷಣಕಾರರು ವಿದ್ಯಾರ್ಥಿಗಳಿಗೆ ಬಹಳ ಉತ್ಸಾಹದಿಂದ ಹೇಳುತ್ತಾರೆ. ಬಿಲ್ ಗೇಟ್ಸ್ 1975ರಲ್ಲಿ ಹಾರ್ವರ್ಡ್ ಬಿಟ್ಟಾಗ ಅದು ರಜೆಯ ರೂಪದಲ್ಲಿತ್ತು, ಬೇಕೆಂದರೆ ಮರಳಿ ಬರುವ ಬಾಗಿಲು ತೆರೆದಿತ್ತು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಮರಳುವ ದಾರಿ ಖಚಿತವಾಗಿರುವ ಕಡೆ ಸಾಹಸಕ್ಕೆ ಇಳಿಯಲು ಹೆಚ್ಚು ಜನ ಮುಂದಾಗುತ್ತಾರೆ; ಬಿಟ್ಟರೆ ಬಿಟ್ಟ ಹಾಗೆಯೇ ಎಂಬ ಕಡೆ ಮನೆಯಲ್ಲಿ ಅನುಕೂಲವಿರುವವರಷ್ಟೇ ಇಳಿಯುತ್ತಾರೆ. ಆದ್ದರಿಂದ ಬಿಡುವಿನ ನಿಯಮವನ್ನು ಬರೆಯುವಾಗ ಮರುಪ್ರವೇಶಕ್ಕೆ ಶುಲ್ಕವೆಷ್ಟು, ಪಠ್ಯಕ್ರಮ ಬದಲಾಗಿದ್ದರೆ ಯಾವ ವಿಷಯಗಳನ್ನು ಮತ್ತೆ ಓದಬೇಕು, ವಿದ್ಯಾರ್ಥಿವೇತನ ಮುಂದುವರಿಯುತ್ತದೆಯೇ, ವಿದ್ಯಾರ್ಥಿನಿಲಯದ ಕೊಠಡಿ ಉಳಿಯುತ್ತದೆಯೇ ಎಂಬಷ್ಟನ್ನೂ ಬಿಡಿಸಿ ಬರೆಯಬೇಕು. ಬಡ ವಿದ್ಯಾರ್ಥಿ ನಿರ್ಧಾರ ಮಾಡುವುದು ಈ ನಾಲ್ಕು ಪ್ರಶ್ನೆಗಳ ಉತ್ತರ ನೋಡಿಕೊಂಡೇ.

ಒಡೆತನದ ಪ್ರಶ್ನೆ ಇದಕ್ಕಿಂತ ಜಟಿಲವಾದದ್ದು, ಮತ್ತು ಕಾಲೇಜುಗಳು ಹೆಚ್ಚಾಗಿ ಮೌನವಾಗಿರುವುದೂ ಇಲ್ಲಿಯೇ. ವಿದ್ಯಾರ್ಥಿಯೊಬ್ಬ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಸಲಹೆ ಪಡೆದು, ಪ್ರಾಜೆಕ್ಟಿನ ಅಂಕಗಳಿಗಾಗಿ ಒಂದು ಸಾಧನವನ್ನು ಮಾಡಿದರೆ ಅದು ಯಾರದು? ಅವನದೇ, ಕಾಲೇಜಿನದೇ, ಪೇಟೆಂಟ್ ಅರ್ಜಿಯಲ್ಲಿ ತಮ್ಮ ಹೆಸರೂ ಇರಲೆಂದು ಕೇಳಿದ ಅಧ್ಯಾಪಕರದೇ? ಕೆಲಸಕ್ಕೆ ಬೆಲೆ ಬರುವವರೆಗೆ ಯಾರೂ ಈ ಪ್ರಶ್ನೆ ಎತ್ತುವುದಿಲ್ಲ, ಬೆಲೆ ಬಂದ ಮೇಲೆ ಎಲ್ಲರೂ ಎತ್ತುತ್ತಾರೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಹೀಗೆಯೇ ಆಯಿತು. ಅಲ್ಲಿನ ಸ್ಪರ್ಧೆಯೊಂದಕ್ಕಾಗಿ ವಿದ್ಯಾರ್ಥಿಗಳು ಮಾಡಿದ ಮೊಬೈಲ್ ಆ್ಯಪ್ ಜನಪ್ರಿಯವಾಗುತ್ತಿದ್ದಂತೆಯೇ ವಿಶ್ವವಿದ್ಯಾಲಯದ ವಕೀಲರು ಶೇ 25ರಷ್ಟು ಒಡೆತನವನ್ನೂ ಲಾಭದ ಮೂರನೇ ಎರಡು ಭಾಗವನ್ನೂ ಕೇಳಿದರು. ಕೊನೆಗೆ ಆಡಳಿತವು ಹಿಂದೆ ಸರಿದದ್ದಲ್ಲದೆ, ವಿದ್ಯಾರ್ಥಿಗಳು ಸ್ಪರ್ಧೆಗಳಲ್ಲಿ ಅಥವಾ ತಮ್ಮಷ್ಟಕ್ಕೆ ತಾವು ರೂಪಿಸಿದ್ದು ಅವರದೇ ಆಗಿರುವಂತೆ ನಿಯಮವನ್ನು ತಿದ್ದಿತು. ಆ ತಿದ್ದುಪಡಿ ಸ್ಪರ್ಧೆಗೆ ಮೊದಲೇ ಆಗಿದ್ದರೆ ವಕೀಲರ ಕೆಲಸವೇ ಇರುತ್ತಿರಲಿಲ್ಲ.

ಹಾಗೆಂದು ಕಾಲೇಜಿಗೆ ಏನೂ ಸಿಗಬಾರದೆಂದು ನಾನು ಹೇಳುತ್ತಿಲ್ಲ. ಗೂಗಲ್‌ನ ಹುಡುಕಾಟ ವಿಧಾನದ ಪೇಟೆಂಟ್ ಇದ್ದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಗೂಗಲ್ ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಅಲ್ಲಿಯ ಸಂಶೋಧನಾ ವಿದ್ಯಾರ್ಥಿಗಳಾಗಿದ್ದಾಗ ಆ ಕೆಲಸ ನಡೆದಿತ್ತು, ಮೊದಮೊದಲು ಅದು ಓಡುತ್ತಿದ್ದುದೂ ವಿಶ್ವವಿದ್ಯಾಲಯದ ಕಂಪ್ಯೂಟರುಗಳ ಮೇಲೆಯೇ. 1998ರಲ್ಲಿ ಕಂಪನಿ ಆರಂಭವಾದ ಮೇಲೆ ಸ್ಟ್ಯಾನ್‌ಫರ್ಡ್ ಆ ಪೇಟೆಂಟಿನ ಬಳಕೆಯ ಹಕ್ಕನ್ನು ಕಂಪನಿಗೆ ಕೊಟ್ಟು, ಬದಲಿಗೆ ಸುಮಾರು 18 ಲಕ್ಷ ಷೇರುಗಳನ್ನು ಪಡೆಯಿತು; ಅವುಗಳನ್ನು ಮಾರಿದಾಗ 2005ರ ಹೊತ್ತಿಗೆ ಬಂದ ಹಣ ಸುಮಾರು 33.6 ಕೋಟಿ ಡಾಲರ್. ಇದಕ್ಕೆ ತದ್ವಿರುದ್ಧವಾದ ದಾರಿ ವಾಟರ್‌ಲೂನದು: ಅಲ್ಲಿ ಸೃಷ್ಟಿಸಿದವರೇ ಒಡೆಯರು, ವಿಶ್ವವಿದ್ಯಾಲಯವು ತಾನಾಗಿ ಪಾಲು ಕೇಳುವುದಿಲ್ಲ. ಎರಡೂ ಕಡೆ ಯಶಸ್ವಿ ಉದ್ದಿಮೆಗಳು ಹುಟ್ಟಿವೆ. ಹೀಗಿರುವಾಗ ಕಾಲೇಜಿಗೆ ಎಷ್ಟು ಪಾಲು ಎಂಬುದಕ್ಕಿಂತ ಆ ಪಾಲು ಮೊದಲ ದಿನವೇ ಎಲ್ಲರಿಗೂ ತಿಳಿದಿದೆಯೇ ಎಂಬುದೇ ಮುಖ್ಯವೆಂದು ನನ್ನ ಅಭಿಪ್ರಾಯ. ಭಾರತದ ನೀತಿಯಲ್ಲಿ, ಸಂಸ್ಥೆಯು ಕೊಡುವ ನೆರವನ್ನು ಅವಲಂಬಿಸಿ ನವೋದ್ಯಮದಲ್ಲಿ ಶೇ 2ರಿಂದ ಶೇ 9.5ರವರೆಗೆ ಪಾಲು ಪಡೆಯಬಹುದೆಂಬ ಮಿತಿಯೂ, ಸಂಸ್ಥೆಯ ಸೌಲಭ್ಯ ಬಳಸದೆ ಪಠ್ಯಕ್ರಮದ ಹೊರಗೆ ಮಾಡಿದ್ದು ಪೂರ್ತಿಯಾಗಿ ಮಾಡಿದವರದೇ ಎಂಬ ಸ್ಪಷ್ಟನೆಯೂ ಇದೆ. ಇಷ್ಟನ್ನು ಒಂದು ಪುಟದಲ್ಲಿ ಸರಳ ಭಾಷೆಯಲ್ಲಿ ಬರೆದು ಪ್ರಯೋಗಾಲಯದ ಗೋಡೆಗೆ ಅಂಟಿಸಲು ಯಾವ ಸಮಿತಿಯ ವರದಿಯೂ ಬೇಕಾಗಿಲ್ಲ.

ಗೆಳೆಯರ ನಡುವಿನ ಒಡೆತನವನ್ನೂ ಇಲ್ಲಿ ಸೇರಿಸಬೇಕು, ಏಕೆಂದರೆ ವಿದ್ಯಾರ್ಥಿ ಉದ್ದಿಮೆಗಳು ಕಾಲೇಜಿನೊಡನೆ ಜಗಳವಾಡಿ ಮುರಿದುಬೀಳುವುದಕ್ಕಿಂತ ತಮ್ಮತಮ್ಮಲ್ಲೇ ಜಗಳವಾಡಿ ಮುರಿದುಬೀಳುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ನಾಲ್ವರು ಸಹಪಾಠಿಗಳು ತಲಾ ಕಾಲು ಭಾಗವೆಂದು ಬಾಯಿಮಾತಿನಲ್ಲಿ ಹಂಚಿಕೊಂಡಿರುತ್ತಾರೆ; ಕೊನೆಯ ಸೆಮಿಸ್ಟರಿನಲ್ಲಿ ಇಬ್ಬರಿಗೆ ಕ್ಯಾಂಪಸ್ ಆಯ್ಕೆಯಲ್ಲಿ ಕೆಲಸ ಸಿಗುತ್ತದೆ, ಒಬ್ಬರು ಉನ್ನತ ವ್ಯಾಸಂಗಕ್ಕೆ ಹೋಗುತ್ತಾರೆ, ಉಳಿದ ಒಬ್ಬರು ಎಲ್ಲ ಕೆಲಸವನ್ನೂ ಹೊತ್ತುಕೊಂಡು ಕಾಲು ಭಾಗಕ್ಕೆ ಮಾತ್ರ ಒಡೆಯರಾಗಿ ಉಳಿಯುತ್ತಾರೆ. ಪಾಲನ್ನು ಒಮ್ಮೆಗೇ ಕೊಡದೆ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುವಂತೆ, ಮೊದಲ ವರ್ಷ ತುಂಬುವ ಮುನ್ನ ಬಿಟ್ಟುಹೋದವರಿಗೆ ಏನೂ ದಕ್ಕದಂತೆ ಬರೆದುಕೊಳ್ಳುವ ಪದ್ಧತಿ ನವೋದ್ಯಮ ವಲಯದಲ್ಲಿ ತೀರಾ ಸಾಮಾನ್ಯವಾದದ್ದು. ಕಾಲೇಜಿನ ಉದ್ಯಮಶೀಲತಾ ಘಟಕವು ಇಂಥದೊಂದು ಒಪ್ಪಂದದ ಮಾದರಿಯನ್ನು ತಯಾರಿಸಿ ತಂಡ ಕಟ್ಟುವ ದಿನವೇ ಸಹಿ ಹಾಕಿಸಿದರೆ, ಪ್ರೇರಣಾ ಭಾಷಣಗಳಿಂದ ಆಗದ ಉಪಕಾರವಾಗುತ್ತದೆ.

ಇನ್ನು ಖರೀದಿಯ ವಿಷಯ. ವಿದ್ಯಾರ್ಥಿ ಉದ್ದಿಮೆಗೆ ಬಹುಮಾನದ ಹಣಕ್ಕಿಂತ ಹೆಚ್ಚು ಬೇಕಾದದ್ದು ಹಣ ಕೊಟ್ಟು ಕೊಳ್ಳುವ ಮೊದಲ ಗ್ರಾಹಕ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಫ್ರೆಡರಿಕ್ ಟರ್ಮನ್ ಅವರ ಪ್ರೋತ್ಸಾಹದಿಂದ ಅವರ ಶಿಷ್ಯರಾದ ವಿಲಿಯಂ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ 1939ರಲ್ಲಿ 538 ಡಾಲರ್ ಬಂಡವಾಳದೊಂದಿಗೆ, ಮುಂದೆ ಎಚ್‌ಪಿ ಎಂದು ಹೆಸರಾದ ಪಾಲುದಾರಿಕೆಯನ್ನು ಆರಂಭಿಸಿದ ಸಂಗತಿ ಪ್ರಸಿದ್ಧವಾಗಿದೆ. ಅವರ ಮೊದಲ ಉತ್ಪನ್ನವಾದ ಆಡಿಯೊ ಆಸಿಲೇಟರ್ (ಬೇಕಾದ ಸ್ವರದ ಧ್ವನಿಸಂಕೇತ ಹೊರಡಿಸುವ ಉಪಕರಣ) ಹುಟ್ಟಿದ್ದು ಹ್ಯೂಲೆಟ್ ಸ್ನಾತಕೋತ್ತರ ಅಧ್ಯಯನದಲ್ಲಿದ್ದಾಗ. ಅದಕ್ಕೆ ನೆಲೆ ಸಿಕ್ಕಿದ್ದು ವಾಲ್ಟ್ ಡಿಸ್ನಿಯ ಸ್ಟುಡಿಯೊ ಧ್ವನಿ ಉಪಕರಣಗಳ ಪರೀಕ್ಷೆಗೆಂದು 8 ಆಸಿಲೇಟರುಗಳನ್ನು ಕೊಂಡುಕೊಂಡಾಗ. ಟರ್ಮನ್ ಅವರನ್ನು ನಾವೆಲ್ಲ ಹೊಗಳುತ್ತೇವೆ, ಅದು ಸರಿಯೇ; ಆದರೆ ಬಿಲ್ಲು ಪಾವತಿಸಿದ ಸ್ಟುಡಿಯೊದವರನ್ನು ಮರೆಯುವಂತಿಲ್ಲ.

ಕಾಲೇಜು ಎಂಬುದು ತಾನೇ ಒಂದು ದೊಡ್ಡ ಗ್ರಾಹಕ. ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿನಿಲಯ, ಪರೀಕ್ಷಾ ವಿಭಾಗ ಎಲ್ಲ ಕಡೆ ವಿದ್ಯಾರ್ಥಿಗಳು ಬಿಡಿಸಬಲ್ಲ ಸಮಸ್ಯೆಗಳಿವೆ. ನಾನು ಬಲ್ಲ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಉಪಕರಣ ಪಡೆದವರ ವಿವರ ಬರೆಯಲು ದಾರ ಕಟ್ಟಿದ ಪೆನ್ನಿನೊಂದಿಗೆ ಒಂದು ರಿಜಿಸ್ಟರ್ ಇತ್ತು. ಯಾವ ಆಸಿಲೋಸ್ಕೋಪ್ ಯಾರ ಬಳಿಯಿದೆ, ಯಾವುದು ದುರಸ್ತಿಗೆ ಹೋಗಿದೆ ಎಂಬುದು ಆ ರಿಜಿಸ್ಟರಿನಿಂದ ತಿಳಿಯುತ್ತಿರಲಿಲ್ಲ, ಪ್ರಯೋಗಾಲಯದ ಸಹಾಯಕರ ನೆನಪಿನಿಂದ ತಿಳಿಯುತ್ತಿತ್ತು. ಅವರು ರಜೆಯಲ್ಲಿದ್ದ ದಿನ ಅರ್ಧ ಬ್ಯಾಚು ಸುಮ್ಮನೆ ಕೂರುತ್ತಿತ್ತು. ಮೂವರು ವಿದ್ಯಾರ್ಥಿಗಳು ಪ್ರತಿ ಉಪಕರಣಕ್ಕೂ ಒಂದು ಕ್ಯೂಆರ್ ಸ್ಟಿಕರ್ ಅಂಟಿಸಿ, ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಅದು ಯಾರ ಕೈಯಲ್ಲಿತ್ತು, ಎಂದು ಹಿಂದಿರುಗಿತು, ಕೊನೆಯ ಬಾರಿ ಅಳತೆ ಸರಿಯಿದೆಯೆಂದು ಪರೀಕ್ಷಿಸಿದ್ದು ಯಾವಾಗ ಎಂದು ತೋರಿಸುವ ತಂತ್ರಾಂಶ ಮಾಡಿದರು. ಮೊದಲ ವಾರವೇ ಸ್ಟಿಕರುಗಳು ಬೆಸುಗೆಯ ಬಿಸಿಗೆ ಕಿತ್ತುಬಂದವು. ಲೋಹದ ತಗಡಿನ ಮೇಲೆ ಕೆತ್ತಿಸಿ ಮತ್ತೆ ಹಾಕಿದರು. ಸಹಾಯಕರು ಫೋನಿಗಿಂತ ಗೋಡೆಯ ಮೇಲಿನ ಪರದೆಯೇ ಅನುಕೂಲವೆಂದದ್ದರಿಂದ ಅದನ್ನೂ ಅಳವಡಿಸಿದರು. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಪಕ್ಕದ ವಿಭಾಗದವರೂ ಕೇಳಲು ಬಂದರು.

ಆದರೆ ಕಾಲೇಜು ಅದನ್ನು ಕೊಳ್ಳಲು ಹೋದಾಗ ಖರೀದಿ ಸಮಿತಿಯ ನಿಯಮ ಅಡ್ಡ ಬಂತು. ಪೂರೈಕೆದಾರರಿಗೆ ಮೂರು ವರ್ಷಗಳ ವಹಿವಾಟಿನ ದಾಖಲೆ ಇರಬೇಕು, ಇಂಥದೇ ಕೆಲಸವನ್ನು ಬೇರೆಡೆ ಮಾಡಿಕೊಟ್ಟ ಪ್ರಮಾಣಪತ್ರ ಬೇಕು, ಮೂರು ದರಪಟ್ಟಿಗಳು ಬರಬೇಕು. ಹತ್ತೊಂಬತ್ತು ಇಪ್ಪತ್ತು ವಯಸ್ಸಿನವರ ಬಳಿ ಮೂರು ವರ್ಷಗಳ ವಹಿವಾಟು ಎಲ್ಲಿಂದ ಬರಬೇಕು? ಕೊನೆಗೆ ಹೊರಗಿನ ಸಂಸ್ಥೆಯೊಂದರ ತಂತ್ರಾಂಶ ಬಂತು, ವಾರ್ಷಿಕ ನಿರ್ವಹಣಾ ಶುಲ್ಕವೂ ಅದರ ಜೊತೆಗೆ ಬಂತು. ಆ ವಿದ್ಯಾರ್ಥಿಗಳಿಗೆ ಸಿಕ್ಕಿದ್ದು ಅತ್ಯುತ್ತಮ ಪ್ರಾಜೆಕ್ಟಿನ ಪ್ರಶಸ್ತಿಪತ್ರ.

ಖರೀದಿ ನಿಯಮಗಳು ಇರುವುದು ಸುಮ್ಮನೆ ಅಲ್ಲ, ಲೆಕ್ಕಪರಿಶೋಧಕರಿಗೆ ಉತ್ತರ ಕೊಡಬೇಕಾದವರ ಕಷ್ಟ ನನಗೆ ಗೊತ್ತಿದೆ. ನಿಯಮವನ್ನು ಕಿತ್ತುಹಾಕದೆಯೂ ಒಂದು ಮಾರ್ಗವಿದೆ. ಒಂದು ಸಣ್ಣ ಮೊತ್ತದ ಮಿತಿಯೊಳಗೆ, ಒಂದು ಸೆಮಿಸ್ಟರಿನ ಅವಧಿಗೆ, ಹಣ ಕೊಟ್ಟು ಪ್ರಾಯೋಗಿಕವಾಗಿ ಬಳಸುವ ಖರೀದಿಗೆ ವಹಿವಾಟು ಮತ್ತು ಅನುಭವದ ಷರತ್ತುಗಳಿಂದ ವಿನಾಯಿತಿ ಕೊಡಬಹುದು. ಮುಂದುವರಿಸಬೇಕೋ ಬೇಡವೋ ಎಂಬುದನ್ನು ಅದನ್ನು ದಿನವೂ ಬಳಸುವ ಸಿಬ್ಬಂದಿಯ ಲಿಖಿತ ಅಭಿಪ್ರಾಯದ ಮೇಲೆ ತೀರ್ಮಾನಿಸಬಹುದು. ಆ ತಂಡಕ್ಕೆ ಮಾರ್ಗದರ್ಶನ ಮಾಡಿದ ಅಧ್ಯಾಪಕರು ಖರೀದಿ ಸಮಿತಿಯಿಂದ ಹೊರಗುಳಿಯಬೇಕು. ಮಕ್ಕಳು ಮಾಡಿದ್ದೆಂಬ ಕನಿಕರದಿಂದ ಮಾತ್ರ ಕೊಳ್ಳಬಾರದು. ಸರಿಯಿಲ್ಲದಿದ್ದರೆ ಸರಿಯಿಲ್ಲವೆಂದು ಹೇಳಿ ಹಣ ನಿಲ್ಲಿಸುವ ಗ್ರಾಹಕರಿಂದಲೇ ಉದ್ದಿಮೆ ಕಲಿಯುವುದು.

ಜಾಗ, ಪೀಠೋಪಕರಣ, ಉದ್ದಿಮೆ ಆರಂಭಿಸಲು ಕೊಡುವ ಬೀಜನಿಧಿ ಇವುಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ, ನಾನು ವಿಸ್ತರಿಸುವುದಿಲ್ಲ. ಬಣ್ಣದ ಕುರ್ಚಿಗಳಿರುವ ಕೊಠಡಿಗೆ ಸಂಜೆ ಐದಕ್ಕೆ ಬೀಗ ಹಾಕುವ ಇನ್‌ಕ್ಯುಬೇಷನ್ ಕೇಂದ್ರಕ್ಕಿಂತ (ಹೊಸ ಉದ್ದಿಮೆಗಳನ್ನು ಪೋಷಿಸುವ ಕೇಂದ್ರ) ರಾತ್ರಿಯವರೆಗೆ ತೆರೆದಿರುವ ಹಳೆಯ ವರ್ಕ್‌ಶಾಪೇ ವಾಸಿ.

ಅಧ್ಯಾಪಕರ ಪಾತ್ರದ ಬಗ್ಗೆಯೂ ನೇರವಾಗಿ ಹೇಳಬೇಕು. ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯಲ್ಲಿ ನಾವು ಕೇಳುವ ಪ್ರಶ್ನೆ ‘ಇದರಲ್ಲಿ ಹೊಸತೇನು’ ಎಂಬುದು. ಇದನ್ನು ಯಾರು ಬಳಸುತ್ತಾರೆ, ಎಷ್ಟು ಹಣ ಕೊಡುತ್ತಾರೆ, ಹತ್ತು ಜನರನ್ನಾದರೂ ಕೇಳಿ ನೋಡಿದಿರಾ ಎಂಬ ಪ್ರಶ್ನೆಗಳಿಗೆ ಅಂಕಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ವರದಿಯ ರಟ್ಟಿನ ಹೊದಿಕೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿರಬೇಕೆಂಬ ನಿಯಮ ಮಾತ್ರ ಎಲ್ಲಿಯೂ ತಪ್ಪುವುದಿಲ್ಲ. ಅಧ್ಯಾಪಕರ ಬಡ್ತಿಗೆ ಪ್ರಬಂಧಗಳನ್ನು ಎಣಿಸುತ್ತಾರೆಯೇ ಹೊರತು ವಿದ್ಯಾರ್ಥಿಯೊಬ್ಬಳ ಜೊತೆ ಸಂಜೆಗಳನ್ನು ಕಳೆದು ಅವಳ ಲೆಕ್ಕಪತ್ರ ಸರಿಪಡಿಸಿದ್ದನ್ನು ಎಣಿಸುವುದಿಲ್ಲ. ಆ ಎಣಿಕೆ ಬದಲಾಗುವವರೆಗೆ ಉದ್ಯಮಶೀಲತಾ ಘಟಕದ ಸಂಯೋಜಕತ್ವವು ವಿಭಾಗದ ಅತ್ಯಂತ ಕಿರಿಯ ಅಧ್ಯಾಪಕರ ತಲೆಗೆ ಬೀಳುವ ಹೆಚ್ಚುವರಿ ಹೊರೆಯಾಗಿಯೇ ಉಳಿಯುತ್ತದೆ.

ಓದುವ ವಯಸ್ಸಿನಲ್ಲಿ ವ್ಯಾಪಾರವೇಕೆ ಎಂದು ಕೇಳುವವರಿದ್ದಾರೆ, ಅವರ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ, ಸಾವಿರಕ್ಕೆ ಒಂದರಂಥ ಹೊಸ ಕಂಪನಿಗಳನ್ನು ಕಟ್ಟಿದವರ ಸರಾಸರಿ ವಯಸ್ಸು ಆರಂಭದ ಹೊತ್ತಿಗೆ 45 ಎಂದು 2020ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ತೋರಿಸಿದೆ. ನೆದರ್ಲೆಂಡ್ಸ್‌ನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಂದ ಪುಟ್ಟ ಕಂಪನಿ ನಡೆಸಿ ಕಲಿಸುವ ಕಾರ್ಯಕ್ರಮದ ಬಗ್ಗೆ 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅದನ್ನು ಮುಗಿಸಿದವರಲ್ಲಿ ಉದ್ಯಮಿಯಾಗಬೇಕೆಂಬ ಇಚ್ಛೆ ಹೆಚ್ಚುವ ಬದಲು ಕಡಿಮೆಯಾದದ್ದು ಕಂಡುಬಂತು. ಉತ್ಸಾಹಿಗಳು ಈ ಫಲಿತಾಂಶಗಳನ್ನು ಮುಚ್ಚಿಡುತ್ತಾರೆ. ನನಗೆ ಅದರ ಅಗತ್ಯ ಕಾಣುವುದಿಲ್ಲ. ತನಗೆ ಈ ಕೆಲಸ ಒಗ್ಗುವುದಿಲ್ಲವೆಂದು ಇಪ್ಪತ್ತರ ವಯಸ್ಸಿನಲ್ಲಿ, ಮನೆಯ ಹಣ ಕಳೆದುಕೊಳ್ಳುವ ಮೊದಲೇ, ಕಾಲೇಜಿನ ನೆರಳಿನಲ್ಲಿ ತಿಳಿದುಕೊಳ್ಳುವುದು ಸಣ್ಣ ಲಾಭವಲ್ಲ. ಒಗ್ಗುತ್ತದೆಂದು ತಿಳಿದವರು ಉದ್ಯೋಗ ಮಾಡಿ, ಕಸುಬು ಕಲಿತು, ಮುಂದೆ ಮೂವತ್ತೈದಕ್ಕೋ ನಲವತ್ತೈದಕ್ಕೋ ಉದ್ದಿಮೆ ಆರಂಭಿಸಿದರೂ ಕಾಲೇಜಿನ ಶ್ರಮ ವ್ಯರ್ಥವಾಗಲಿಲ್ಲ.

ಹೀಗೆ ನೋಡಿದರೆ, ಎಷ್ಟು ಕಂಪನಿಗಳು ನೋಂದಣಿಯಾದವು ಎಂಬ ಸಂಖ್ಯೆಯನ್ನು ಕಾಲೇಜಿನ ಗುಣಮಟ್ಟ ಅಳೆಯಲು ಬರುವ ಮೌಲ್ಯಮಾಪನ ತಂಡಗಳ ಮುಂದೆ ಇಡುವುದು ದಾರಿ ತಪ್ಪಿಸುವ ಕೆಲಸ. ಆ ಸಂಖ್ಯೆಯ ಒತ್ತಡದಿಂದ, ಇನ್ನೂ ಏನನ್ನೂ ಮಾರದ ವಿದ್ಯಾರ್ಥಿಗಳಿಂದ ಕಂಪನಿ ನೋಂದಣಿ ಮಾಡಿಸಲಾಗುತ್ತದೆ. ಪದವಿ ಮುಗಿದ ಮೇಲೂ ವಾರ್ಷಿಕ ವಿವರಣೆ ಸಲ್ಲಿಸುವ ಹೊಣೆ, ಸಲ್ಲಿಸದಿದ್ದರೆ ದಂಡ ಅವರ ಬೆನ್ನು ಬಿಡುವುದಿಲ್ಲ. ಅಮೆರಿಕದ ಬ್ಯಾಬ್ಸನ್ ಕಾಲೇಜಿನ ಪ್ರಥಮ ವರ್ಷದ ಪಾಠಕ್ರಮ ಈ ವಿಷಯದಲ್ಲಿ ಅನುಕರಣೀಯವಾದದ್ದು. ಅಲ್ಲಿ ವಿದ್ಯಾರ್ಥಿ ತಂಡಗಳು ಕಾಲೇಜು ಕೊಟ್ಟ ಸಾಲದಿಂದ ನಿಜವಾದ ವ್ಯಾಪಾರ ನಡೆಸಿ, ಅವಧಿ ಮುಗಿದಾಗ ಅದನ್ನು ಮುಚ್ಚಿ, ಬಂದ ಲಾಭವನ್ನು ಸಮಾಜಸೇವೆಗೆ ಕೊಡುತ್ತಿದ್ದವು. ಉಳಿದ ಸರಕು ವಿಲೇವಾರಿ ಮಾಡುವುದು, ಬಾಕಿ ವಸೂಲು ಮಾಡಿ ಸಾಲ ತೀರಿಸುವುದು, ಖಾತೆ ಮುಚ್ಚುವುದು ಇವುಗಳನ್ನು ಆರಂಭದಷ್ಟೇ ಮುತುವರ್ಜಿಯಿಂದ ಕಲಿಸಬೇಕು. ವಿದ್ಯಾರ್ಥಿಯ ಅಥವಾ ಪೋಷಕರ ವೈಯಕ್ತಿಕ ಜಾಮೀನಿನ ಮೇಲೆ ಸಾಲ ಮಾಡಿಸುವುದನ್ನು ಯಾವ ಕಾಲೇಜೂ ಪ್ರೋತ್ಸಾಹಿಸಬಾರದು.

ಕೊನೆಯದಾಗಿ ಪತ್ರಿಕೆಗಳಲ್ಲಿ ಒಂದು ವಿನಂತಿ. ಸ್ಪರ್ಧೆಯ ವರದಿಯನ್ನು ಪ್ರಕಟಿಸುವಾಗ ಆ ಕಾಲೇಜಿನ ಒಡೆತನದ ನಿಯಮವೇನು, ಬಿಡುವು ಪಡೆದ ವಿದ್ಯಾರ್ಥಿಗಳೆಷ್ಟು, ಅವರಲ್ಲಿ ಮರಳಿ ಬಂದು ಪದವಿ ಮುಗಿಸಿದವರೆಷ್ಟು, ಕಾಲೇಜು ತನ್ನ ವಿದ್ಯಾರ್ಥಿಗಳಿಂದ ಹಣ ಕೊಟ್ಟು ಕೊಂಡಿದ್ದೇನು ಎಂದು ವರದಿಗಾರರು ಪ್ರಾಂಶುಪಾಲರನ್ನು ಕೇಳಲಿ. ಹಿಂದಿನ ವರ್ಷ ಗೆದ್ದ ತಂಡದವರು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನೂ ಈ ವರ್ಷದ ವರದಿಯ ಜೊತೆಯಲ್ಲಿಯೇ ಪ್ರಕಟಿಸಲಿ.

ಇಂತಿ ತಮ್ಮ ವಿಶ್ವಾಸಿ,
ಕಾಲೇಜು ಅಧ್ಯಾಪಕ, ತಮ್ಮ ಪತ್ರಿಕೆಯ ಓದುಗ